ಹಸಿದ ಕೋಶಗಳು ಮಿನುಗಿದ ಬೆಳಗು

ಊರಿನ್ನೂ ಮುಸುಕೆಳೆದುಕೊಂಡು ಮಲಗಿರುವ ಹೊತ್ತು. ಬೀದಿ ದೀಪಗಳು ಆರಿಲ್ಲ. ಸಂಶೋಧನಾಲಯದ ಹಿಂಬಾಗಿಲಿನಿಂದ ಒಳಬಂದ ಹೆಂಗಸೊಬ್ಬರು ಹೊರಗಿನ ಚಪ್ಪಲಿ ಬಿಟ್ಟು ಒಳಗಿನದನ್ನು ಮೆಟ್ಟುತ್ತಾರೆ. ಮೊಣಕೈವರೆಗೆ ಕೈ ತೊಳೆದು, ಕೈಗವಸು ಹಾಕಿ, ಅದರ ಮೇಲೆ ಸ್ಪಿರಿಟ್ ಸಿಂಪಡಿಸಿಕೊಂಡು, ಗೋಡೆಬದಿಯ ಬೆಚ್ಚನೆ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಒಳಗೆ ಮನುಷ್ಯರ ಮೈಯಲ್ಲಿರುವಷ್ಟೇ ಕಾವು. ಚಪ್ಪಟೆ ಸೀಸೆಗಳು ಸಾಲಾಗಿ ಮಲಗಿವೆ. "ಏಳ್ರೋ, ಬೆಳಗಾಯ್ತು" ಅನ್ನುತ್ತಾರೆ. ಯಾರೂ ಏಳುವುದಿಲ್ಲ. ಏಳುವಂಥವರೂ ಅಲ್ಲ ಬಿಡಿ! ಸೀಸೆಯ ತಳಕ್ಕೆ ಕಚ್ಚಿಕೊಂಡಿರುವುದು ಬರಿಗಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು.

ಈ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಇವರು ಚಿಕ್ಕಮ್ಮ. ಹೆತ್ತವರಲ್ಲ, ಆದರೆ ಸಾಕುತ್ತಾರಲ್ಲ, ಅದಕ್ಕೇ. ಕೋಶಗಳು ಉಂಡು ಬಿಟ್ಟ ಹಳದಿಗಟ್ಟಿದ ದ್ರವವನ್ನು ಹೀರಿ ತೆಗೆದು, ಹೊಸ ಗುಲಾಬಿ ಬಣ್ಣದ ಪೋಷಕ ದ್ರವ ಹಾಕುವುದು ಕೆಲಸ. ದಿನಕ್ಕೆ ನಲವತ್ತು ಸೀಸೆಗಳಾದರೂ ಕೈದಾಟುತ್ತವೆ. ಒಂದರೊಳಗೆ ಬೂಷ್ಟು ಸೇರಿದರೂ ಇಡೀ ಸಂಸಾರ ಹಾಳು. ರಜೆ ಅನ್ನುವ ಮಾತೇ ಇಲ್ಲ. "ಅವಕ್ಕೇನು ಭಾನುವಾರ ಗೊತ್ತಾ? ಹೊಟ್ಟೆ ಒಂದೇ ಗೊತ್ತು. ನನ್ನ ಯಜಮಾನರೇ ವಾಸಿ, ಒಂದು ದಿನ ಮಾಡಿ ಹಾಕದಿದ್ರೆ ಬರೀ ಮುಖ ಊದಿಸ್ಕೋತಾರೆ. ಇವು ಸತ್ತೇ ಹೋಗ್ತವೆ" ಎಂದು ವರದಿಗೆ ಬಂದ ನಮ್ಮೆದುರು ನಗುತ್ತಾರೆ.

ನಗುವ ಈ ಹೆಂಗಸು ಇಲ್ಲಿಗೆ ಬಂದದ್ದು ನಗುತ್ತಾ ಅಲ್ಲ. ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ವರ್ಷ, ಆಸ್ಪತ್ರೆಗೆ ಹತ್ತಿರವಾಗಲೆಂದು ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವರು. ವೈದ್ಯರು ಗಡ್ಡೆ ತೆಗೆದರು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಅದು ಮತ್ತೆ ತಲೆಯೆತ್ತಿತು. ಎರಡನೇ ಸಲ ಕೊಯ್ಯಬೇಕಾಯಿತು. "ಅದು ಎಲ್ಲಿಗೆ ಮುಗೀತು ಅನ್ನೋದು ಕಣ್ಣಿಗೆ ಕಾಣಲ್ಲಮ್ಮ. ಕಂಡಿದ್ದನ್ನೆಲ್ಲ ತೆಗೆದೆ" ಎಂದು ವೈದ್ಯರು ಕೈಚೆಲ್ಲಿದ್ದು ಚಿಕ್ಕಮ್ಮನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಅಕ್ಕ ಉಳಿದುಕೊಂಡರು. ಆದರೆ ಎರಡನೇ ಸಲ ಅವರನ್ನು ಗಾಲಿಮಂಚದ ಮೇಲೆ ಒಳಗೆ ಕರೆದೊಯ್ದಾಗ, ತಂಗಿಯ ಕೈ ಬಿಡಲು ಒಪ್ಪಿರಲಿಲ್ಲ.

ಪಾತ್ರೆ ತೊಳೆಯುವ ಕೈಯ ನಾಜೂಕು ನೋಡಿ ಪ್ರಯೋಗಾಲಯದ ಮೇಡಂ ಇವರಿಗೆ ಕೋಶ ಸಾಕುವುದನ್ನು ಕಲಿಸಿದರು. ವಿಷಯ ತಿಳಿದ ದಿನ ಅಕ್ಕ ಹಾರಾಡಿಬಿಟ್ಟರಂತೆ. "ಅಲ್ಲ ಕಣೇ, ನನ್ನ ಹೊಟ್ಟೆ ಸೇರಿದ್ದ ಶನಿಗೆ ನೀನು ಅಲ್ಲಿ ಕೂತು ಊಟ ಹಾಕ್ತೀಯಾ? ಹಾವಿಗೆ ಹಾಲೆರೆಯೋದು ಅಂದ್ರೆ ಇದೇ!" ಚಿಕ್ಕಮ್ಮ ಅದಕ್ಕೆ, "ಕಳ್ಳನ್ನ ಹಿಡೀಬೇಕು ಅಂದ್ರೆ ಮೊದಲು ಅವನ ಹೆಜ್ಜೆ ಗೊತ್ತಿರಬೇಕಲ್ಲ ಅಕ್ಕಾ" ಅಂದರಂತೆ. ಅಂದಿನಿಂದ ಅಕ್ಕನದು ಒಂದೇ ಪ್ರಶ್ನೆ: ಅಂಚು ಕಾಣತ್ತಾ?

ಗಡ್ಡೆ ಮುಗಿಯುವ ಆ ಅಂಚನ್ನು ಕೊಯ್ಯುವ ವೈದ್ಯರಿಗೆ ಕಾಣಿಸಲೆಂದೇ ಮೇಡಂ ಇಂಗಾಲದ ಚುಕ್ಕೆಗಳನ್ನು ತಯಾರಿಸುತ್ತಾರೆ. ಎಷ್ಟು ಚಿಕ್ಕವು ಅಂದರೆ, ಒಂದು ಕೂದಲಿನ ದಪ್ಪದಲ್ಲಿ ಹತ್ತು ಸಾವಿರ ಸಾಲಾಗಿ ನಿಂತರೂ ಇನ್ನೂ ಜಾಗ ಉಳಿಯುತ್ತದೆ. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತವೆ. ಅವುಗಳ ಮೈಗೆ ಫೋಲಿಕ್ ಆಮ್ಲ ಅಂಟಿಸಿದ್ದಾರೆ. ಬಸುರಿಯರಿಗೆ ಮಾತ್ರೆ ಮಾಡಿ ಕೊಡುತ್ತಾರಲ್ಲ, ಅದೇ ಜೀವಸತ್ವ. ಈ ಬಗೆಯ ಕ್ಯಾನ್ಸರ್ ಕೋಶಗಳು ಅದನ್ನು ಕಂಡರೆ ಬಾಯಿಬಾಯಿ ಬಿಡುತ್ತವೆ, ಒಳ್ಳೆಯ ಕೋಶಗಳಿಗೆ ಅಷ್ಟು ಹಪಾಹಪಿ ಇಲ್ಲ. ಆಸೆಗೆ ನುಂಗಿದ ಕೋಶ ತಾನೇ ದೀಪ ಹಚ್ಚಿಕೊಂಡು ಸಿಕ್ಕಿಬೀಳಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎರಡು ಸಲ ಪ್ರಯೋಗ ಮಾಡಿದರೂ ತಟ್ಟೆ ಕಾಡಿಗೆಯಂತೆ ಕಪ್ಪು. ಚುಕ್ಕೆಗಳೇ ಕೆಟ್ಟಿವೆಯೆಂದು ಮೇಡಂ ಕಂಗಾಲು. ಕೋಶಗಳೇ ಕೆಟ್ಟವೇನೋ ಎಂದು ಚಿಕ್ಕಮ್ಮನಿಗೆ ಊಟ ಸೇರದು.

ಕೊನೆಗೊಂದು ಮಧ್ಯಾಹ್ನ ಮೇಡಂ ಗುಲಾಬಿ ದ್ರವದ ಬಾಟಲಿ ತಿರುಗಿಸಿ ನೋಡುತ್ತಾ ಹಣೆ ಚಚ್ಚಿಕೊಂಡರು. ಅದರಲ್ಲೇ ಫೋಲಿಕ್ ಆಮ್ಲ ದಂಡಿಯಾಗಿತ್ತು! ಕೋಶಗಳು ದಿನವೂ ಅದನ್ನೇ ಉಂಡು ತೇಗುತ್ತಿದ್ದವು, ಇನ್ನು ಚುಕ್ಕೆಗಳನ್ನು ಯಾಕೆ ಮೂಸಿ ನೋಡುತ್ತವೆ? ಆಗ ಚಿಕ್ಕಮ್ಮ ಮೆಲ್ಲಗೆ ಬಾಯಿಬಿಟ್ಟರು. "ಮೇಡಂ, ಹಿಂದಿನ ದಿನ ಸಂಜೆ ಇನ್ನೊಂದು ಸಲ ಬೇರೆ ಹಾಕಿದ್ದೆ. ನಾಳೆ ಪರೀಕ್ಷೆ ಇದೆ, ಹೊಟ್ಟೆ ತುಂಬ ಉಂಡು ಹೋಗಲಿ ಪಾಪ ಅಂತ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಅಲ್ಲಿಂದಾಚೆಗೆ ಪ್ರಯೋಗದ ಕೋಶಗಳಿಗೆ ಫೋಲಿಕ್ ಆಮ್ಲವಿಲ್ಲದ ಬೇರೆ ದ್ರವ. ಹಾಕಿ ಅಭ್ಯಾಸವಾದ ಕೈಗೆ ಹಾಕದೆ ಇರುವುದೇ ಶಿಕ್ಷೆ. "ಪೆಟ್ಟಿಗೆ ತೆಗೆದಾಗೆಲ್ಲ ನನ್ನನ್ನೇ ನೋಡಿದ ಹಾಗಾಗೋದು. ಕಲ್ಲು ಮನಸ್ಸು ಮಾಡ್ಕೊಂಡೆ."

ಇವತ್ತು ಮೂರನೇ ಸಲ. ಒಂದೇ ತಟ್ಟೆಯಲ್ಲಿ, ನಡುವೆ ಪುಟ್ಟ ರಬ್ಬರ್ ಗೋಡೆಯಿಟ್ಟು, ಎಡಕ್ಕೆ ಕ್ಯಾನ್ಸರ್ ಕೋಶ, ಬಲಕ್ಕೆ ಒಳ್ಳೆಯ ಕೋಶ ಬೆಳೆಸಿದ್ದಾರೆ. ಆಮೇಲೆ ಗೋಡೆ ಕಿತ್ತಿದ್ದಾರೆ. ಎರಡೂ ಬೆಳೆಯುತ್ತ ಬಂದು ಒಂದಕ್ಕೊಂದು ತಾಗಿವೆ. ಬೆಳಗಿನ ಜಾವ ಚುಕ್ಕೆಗಳ ದ್ರವ ಹಾಕಿದ ಚಿಕ್ಕಮ್ಮ, ಹೊತ್ತು ಹುಟ್ಟಿದ ಮೇಲೆ ತಟ್ಟೆಯನ್ನು ತೊಳೆಯಲು ಕೂರುತ್ತಾರೆ. ಜೋರಾಗಿ ತೊಳೆದರೆ ಕೋಶಗಳೇ ಕಿತ್ತುಬರುತ್ತವೆ. ಮೆಲ್ಲಗೆ ತೊಳೆದರೆ ಉಳಿದ ಚುಕ್ಕೆಗಳು ಎಲ್ಲೆಂದರಲ್ಲಿ ಹೊಳೆದು ಮೋಸ ಮಾಡುತ್ತವೆ. ತಟ್ಟೆಯ ಅಂಚಿನಿಂದ ಹನಿಹನಿಯಾಗಿ ಇಳಿಬಿಡುವಾಗ ಅವರು ಉಸಿರನ್ನೂ ಬಿಡುವುದಿಲ್ಲ.

ಕತ್ತಲೆ ಕೋಣೆ. ಸೂಕ್ಷ್ಮದರ್ಶಕದ ಪಕ್ಕದ ಪರದೆಯಲ್ಲಿ ಮೊದಲು ಮಾಮೂಲಿ ಬೆಳಕಿನ ಚಿತ್ರ: ತಟ್ಟೆಯ ತುಂಬ ಬೂದು ಬಣ್ಣದ ಕೋಶಗಳು. ಕಳ್ಳ ಯಾವುದು, ಸಾಚಾ ಯಾವುದು, ದೇವರಿಗೇ ಗೊತ್ತು. "ಹಾಕ್ತೀನಿ" ಎನ್ನುತ್ತಾರೆ ಮೇಡಂ. ಚಿಕ್ಕಮ್ಮ ಅವರ ಭುಜ ಹಿಡಿದುಕೊಳ್ಳುತ್ತಾರೆ. ನೀಲಿ ಬೆಳಕು ಹತ್ತುತ್ತದೆ.

ಅಬ್ಬಾ! ಎಡಗಡೆಯೆಲ್ಲ ಹಸಿರು. ಒಂದೊಂದು ಕೋಶವೂ ಎಳೆ ಚಿಗುರಿನ ಬಣ್ಣದಲ್ಲಿ ಧಗಧಗ ಹೊಳೆಯುತ್ತಿದೆ. ಬಲಗಡೆ ಕಪ್ಪು. ನಡುವೆ ಅಂಕುಡೊಂಕಾಗಿ ಒಂದು ಗೆರೆ. ಮೇಡಂ ಎದ್ದ ರಭಸಕ್ಕೆ ಸ್ಟೂಲು ದಡಾರನೆ ಬೀಳುತ್ತದೆ. "ಬಂತು ಚಿಕ್ಕಮ್ಮಾ, ಬಂತು!" ಎಂದು ಕುಣಿಯುತ್ತಾರೆ. ವರದಿ ಬರೆಯಲು ಹೋದ ನಮ್ಮ ಪೆನ್ನೂ ಎಲ್ಲಿ ಬಿತ್ತೋ ಗೊತ್ತಿಲ್ಲ.

ಚಿಕ್ಕಮ್ಮ ಮಾತ್ರ ಪರದೆಯಿಂದ ಕಣ್ಣು ಕೀಳುವುದಿಲ್ಲ. "ಮೇಡಂ, ಬಲಗಡೆ ಇನ್ನಷ್ಟು ಸರಿಸಿ." ಮೇಡಂ ತಟ್ಟೆ ಸರಿಸುತ್ತಾರೆ. ಕಪ್ಪು, ಕಪ್ಪು, ಬರೀ ಕಪ್ಪು. ಗೆರೆಯಿಂದ ಸಾಕಷ್ಟು ದೂರದಲ್ಲಿ, ಒಳ್ಳೆಯ ಕೋಶಗಳ ನಡುವೆ, ಒಂದೇ ಒಂದು ಹಸಿರು ಕೋಶ. ಗೋಡೆ ಕಿತ್ತಾಗ ನುಸುಳಿದ್ದಿರಬೇಕು. ಮೇಡಂ ಮಾಮೂಲಿ ಬೆಳಕು ಹಾಕುತ್ತಾರೆ. ಅದು ಗುಂಪಿನಲ್ಲಿ ಕರಗಿ ಹೋಗುತ್ತದೆ, ಎಷ್ಟು ಹುಡುಕಿದರೂ ಸಿಗದು. ನೀಲಿ ಬೆಳಕು ಹಾಕಿದರೆ ಮತ್ತೆ ಅಲ್ಲೇ. ಮೇಡಂ ಸ್ಟೂಲು ಎತ್ತಿಟ್ಟು ಕೂರುತ್ತಾರೆ. "ಇದು ಬರೀ ತಟ್ಟೆ. ಹತ್ತು ಸಲ ಹೀಗೇ ಬರಬೇಕು. ಮನುಷ್ಯರ ತನಕ ದಾರಿ ಇನ್ನೂ ದೂರ ಇದೆ" ಎಂದು ನಮ್ಮನ್ನು ಎಚ್ಚರಿಸುತ್ತಾರೆ. ಆದರೆ ಅವರ ಮುಖದ ನಗು ಮಾತು ಕೇಳುತ್ತಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಚಿಕ್ಕಮ್ಮ ಫೋನು ಹಿಡಿದಿದ್ದಾರೆ. "ಅಕ್ಕಾ, ಅಂಚು ಕಾಣ್ತು ಕಣೇ! ಒಂದು ಮಾತ್ರ ತಪ್ಪಿಸ್ಕೊಂಡು ಆ ಕಡೆ ಹೋಗಿತ್ತು. ಅದೂ ಕಾಣ್ತು." ಆ ಕಡೆಯಿಂದ, "ನಂಗೂ ಹಂಗೇ ಒಂದು ಉಳಿದಿತ್ತೇನೋ ಅಲ್ವೇನೇ" ಎಂಬ ಮಾತು ನಮಗೂ ಕೇಳಿಸುತ್ತದೆ. ಚಿಕ್ಕಮ್ಮ ಹ್ಞೂಂ ಅನ್ನುತ್ತಾರೆ. ಅಕ್ಕ ಅಳುತ್ತಿದ್ದಾರೆ, ಇವರೂ ಅಳುತ್ತಿದ್ದಾರೆ, ಇಬ್ಬರೂ ನಗುತ್ತಲೂ ಇದ್ದಾರೆ.

ಈ ಹಸಿರು ಚಿತ್ರ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗುವಾಗ ನಿಮ್ಮ ಹೆಸರೂ ಬರಬೇಕಲ್ಲವೇ ಎಂದು ಕೇಳಿದರೆ, "ಮೇಡಂ ಹಾಕ್ತೀನಿ ಅಂದಿದಾರೆ, ಬೇಡ ಅನ್ನೋಕೆ ನಾನೇನು ದಡ್ಡೀನಾ?" ಎಂದು ಮೂಗೊರೆಸಿಕೊಳ್ಳುತ್ತಾರೆ. ಆಮೇಲೆ ಫೋನನ್ನು ಜೇಬಿಗಿಳಿಸಿ ಹೇಳುತ್ತಾರೆ: "ಎಷ್ಟು ವರ್ಷ ಹಿಡಿಯುತ್ತೋ ಹಿಡೀಲಿ. ಯಾರ ಅಕ್ಕನಾದ್ರೂ ಸರಿ, ಆ ಆಪರೇಷನ್ ಮೇಜಿನ ಮೇಲೆ ಒಂದೇ ಸಲ ಮಲಗಲಿ. ಎರಡನೇ ಸಲ ಬೇಡ."