ಗೋಡೆಯ ಮೇಲಿನ ‘ಅವ್ವಂದು’

ಗೌಂಡಿ ಕಾಕಾ ಅವರ ಬಲಗೈ ಕಿರುಬೆರಳು ಯಾವಾಗಲೂ ಅಂಗೈಯೊಳಗೆ ಮಡಚಿಕೊಂಡೇ ಇರುತ್ತಿತ್ತು. ಪ್ರಾಯದಲ್ಲಿ ಕಲ್ಲು ಬಿದ್ದು ಹಾಗಾಗಿತ್ತಂತೆ. ಚೀಲದಲ್ಲಿ ಟೇಪು ಇದ್ದರೂ ಮೊದಲು ಗೇಣು ಹಾಕಿಯೇ ನೋಡುವವರು ಅವರು. ಆ ಬೆರಳು ಚಾಚದ ಕಾರಣ ಗೇಣು ಉಂಗುರದ ಬೆರಳಿಗೇ ಮುಗಿದುಹೋಗುತ್ತಿತ್ತು.

“ನನ್ನ ಗೇಣು ಗಿಡ್ಡ ಐತಿ ತಂಗಿ. ಅದಕ್ಕ ಕಡೀಕ ಒಂದ್ ಬಟ್ಟ ಹೆಚ್ಚಿಗಿ ಹಿಡದಬಿಡ್ತೇನಿ. ಹೆಚ್ಚಾತಂತ ಯಾರೂ ಬೈಯೂದಿಲ್ಲ” ಎಂದು ಒಂದು ಬೆರಳು ಅಡ್ಡ ಹಿಡಿದು ತೋರಿಸಿ ನಗುತ್ತಿದ್ದರು.

ಜಕ್ಕಲಿಯಿಂದ ಬಸ್ಸಿಗೆ ಬಂದು ರೋಣದಲ್ಲಿ ನಮ್ಮ ಓಣಿಯ ಮನೆಗಳ ಗೋಡೆ, ಪಾಯಾ ಎಲ್ಲ ಕಟ್ಟಿದವರು ಅವರೇ. ನಮ್ಮ ಮನೆಗೆ ಬಂದದ್ದು ಹಿತ್ತಲ ಕಟ್ಟೆಯ ಸಲುವಾಗಿ.

ನಮ್ಮ ಹಿತ್ತಲ ಬಾಗಿಲು ನೆಲಕ್ಕಿಂತ ಎರಡೂವರೆ ಅಡಿ ಮೇಲಿದೆ. ಇಳಿಯಲು ಮೂರು ಓರೆಕೋರೆ ಮೆಟ್ಟಿಲು. ನಮ್ಮ ಅತ್ತಿಯವರಿಗೆ ಮೊಳಕಾಲು ಹಿಡಿದುಕೊಂಡ ಮೇಲೆ ಎರಡು ವರ್ಷ ಅವರು ಆ ಮೆಟ್ಟಿಲು ಇಳಿದಿರಲಿಲ್ಲ. ಅವರೇ ಹಚ್ಚಿ ಬೆಳೆಸಿದ ತುಳಸಿ ಅಲ್ಲೇ ಎದುರಿಗಿತ್ತು. ದಿನಾ ಬೆಳಿಗ್ಗೆ ಚೌಕಟ್ಟು ಹಿಡಿದು ನಿಂತು ಒಂದೇ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಇನ್ನೊಂದು ಕೈ ಬಿಟ್ಟರೆ ಬೀಳುವ ಅಂಜಿಕೆ. “ಇಲ್ಲಿಂದ ಮುಗದ್ರ ಅಕಿಗೆ ಮುಟ್ಟತೈತೋ ಇಲ್ಲೋ” ಎಂದು ಒಂದು ದಿನ ಅಂದರು. ಹೊಸ್ತಿಲ ಮಟ್ಟಕ್ಕೇ ತುಳಸಿಯವರೆಗೆ ಒಂದು ಕಟ್ಟೆ ಕಟ್ಟಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಓಣಿಯ ಹೆಂಗಸರು ತಿಂಗಳಿಗೊಮ್ಮೆ ರೊಕ್ಕ ಕೂಡಿಸುವ ಭಿಶಿ ಆ ಸಲ ನನ್ನ ಹೆಸರಿಗೆ ಬಂದಿತ್ತು. ಕುಪ್ಪಸ ಹೊಲಿದದ್ದೂ ಸೇರಿ ನಲವತ್ತು ಸಾವಿರ. ಮಗಳು ಮೊಬೈಲಿನಲ್ಲಿ ಹಲಗೆ ಹಾಸಿದ ಕಟ್ಟೆಯ ಫೋಟೊ ತೋರಿಸಿ, ಹೀಗೇ ಮಾಡಿಸೋಣ ಅಂದಳು. ನರಗುಂದದ ಬಡಿಗೇರ ಅದಕ್ಕೆ ಎಂಬತ್ತು ಸಾವಿರ ಕೇಳಿದ. ಗೌಂಡಿ ಕಾಕಾ ಫೋಟೊ ನೋಡಿ ಮೊಬೈಲ್ ತಿರುಗಿ ಕೊಟ್ಟರು.

“ಚಂದ ಐತಿ ಖರೇ. ನಮ್ಮ ಬಿಸಲಿಗೆ ಎರಡ ವರ್ಷಕ್ಕ ಹಲಗಿ ಬಾಯಿ ಬಿಡತಾವ. ಗಜೇಂದ್ರಗಡದ ಕಡೀ ಕಲ್ಲು ತರಸೂಣು. ಆದ್ರ ಮೊದಲ ಪಾಯಾ. ಎರಿ ಮಣ್ಣು ಉಸರಾಡತೈತಿ ತಂಗಿ, ಮಳಿಗೆ ಉಬ್ಬತೈತಿ, ಬಿಸಲಿಗೆ ಬಿರೀತೈತಿ. ಕೆಳಗಿನ ಗಟ್ಟಿ ಗರಸು ಹತ್ತೂಮಟಾ ತೆಗೀಬೇಕು.”

“ಅರ್ಧ ರೊಕ್ಕ ನೆಲದಾಗ ಹೂತಂಗ ಆತಲ್ರೀ ಕಾಕಾ!”

“ಮ್ಯಾಲಿಂದು ನೀವು ನೋಡ್ತೀರಿ. ಒಳಗಿಂದು ನಾ ನೋಡಬೇಕಲ್ಲ?”

ಚಹಾ ಕೊಡುವಾಗ ಅತ್ತಿ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲಾಗದೆ ಒದ್ದಾಡಿದರು. ನಾನು ರಟ್ಟೆ ಹಿಡಿದು ಎತ್ತಿದೆ. ಹೋಗಿ ತಮ್ಮ ಮಂಚದ ಮೇಲೆ ಕೂತವರು, ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಾತ್ರ ತಾವೇ ಎದ್ದರು. ಕಾಕಾ ಕಪ್ಪು ಕೆಳಗಿಟ್ಟು, ಹೋಗಿ ಮಂಚದ ಎತ್ತರಕ್ಕೆ ಗೇಣು ಹಾಕಿದರು. ಎರಡು ಗೇಣು.

“ಕಟ್ಟಿ ಹಿತ್ತಲದಾಗ, ಅಳತಿ ಮಂಚಕ್ಕ!” ಎಂದು ನಾನು ನಕ್ಕೆ.

ಅಂದಾಜು ಬರೆಯಲು ಅವರಿಗೆ ಕಾಗದ ಬೇಡ. ಇದ್ದಲಿ ತೆಗೆದುಕೊಂಡು ನಮ್ಮ ಹಿತ್ತಲ ಗೋಡೆಯ ಮೇಲೇ ಬರೆದರು: ಪಾಯಾ, ಕಲ್ಲು, ಸಿಮೆಂಟು, ಉಸುಕು, ಮೇಲೆ ಹಾಸುವ ಪರಸಿ, ಪಗಾರ. ಎಲ್ಲದರ ಕೆಳಗೆ, ‘ಅವ್ವಂದು – ೧೮೦೦’. ಒಟ್ಟು ನಲವತ್ತೊಂದು ಸಾವಿರದ ಎಂಟುನೂರು.

ಅವ್ವ ಅಂದರೆ ನನ್ನ ಮನಸ್ಸಿಗೆ ಬಂದದ್ದು ಊರ ದ್ಯಾಮವ್ವ. ಕೆಲಸ ಶುರು ಮಾಡುವ ಮುಂಚೆ ಆಕೆಗೆ ಉಡಿ ತುಂಬುವುದು ನಮ್ಮಲ್ಲಿ ರೂಢಿ. ಆದರೆ ಉಡಿ ತುಂಬಲು ಹದಿನೆಂಟುನೂರು ಯಾಕೆ? ಒಂದು ಕಾಯಿ, ಒಂದು ಕುಪ್ಪಸದ ಕಣ, ಐದು ಮುಷ್ಟಿ ಅಕ್ಕಿ; ಇಷ್ಟಾದರೆ ಆಯಿತು. ನನ್ನಲ್ಲಿದ್ದದ್ದೂ ನಲವತ್ತೇ.

“ಅವ್ವಂದು ನಾನ ನೋಡ್ಕೊಂತೇನ್ರೀ ಕಾಕಾ. ಅದನ್ನ ಹೊಡದ ಹಾಕ್ರಿ” ಅಂದೆ.

ಅವರು ನನ್ನ ಮುಖ ನೋಡಿದರು. “ನೀ ಒಬ್ಬಾಕಿ ಎಷ್ಟ ದಿನ ನೋಡ್ಕೊಂತಿ ತಂಗಿ? ನಿನಗೂ ಸೊಂಟ ಐತಿ.”

ಉಡಿ ತುಂಬಲು ಸೊಂಟ ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ವಯಸ್ಸಾದವರು, ಏನೋ ಅಂದರು ಎಂದುಕೊಂಡೆ. ಅವರು ಆ ಸಾಲಿನ ಮೇಲೆ ಒಂದು ಗೆರೆ ಎಳೆದರು.

ಕೆಲಸ ಹನ್ನೆರಡು ದಿನ ನಡೆಯಿತು. ಶುಕ್ರವಾರ ಮಧ್ಯಾಹ್ನ ಕೈಕಾಲು ತೊಳೆದು, ಚೀಲದಿಂದ ಬಿಳಿ ಟೊಪ್ಪಿಗೆ ತೆಗೆದು ನಮಾಜಿಗೆ ಹೊರಟರೆ ಅತ್ತಿ ಚೌಕಟ್ಟಿನಿಂದಲೇ ಕೂಗುವರು: “ತಮ್ಮಾ, ನನ್ನ ಮೊಳಕಾಲಿಂದೂ ಒಂದ್ ಮಾತ ಹಾಕಪಾ ಅಲ್ಲಿ!”

“ಹೋದ ವಾರನೂ ಹಾಕೇನಬೇ ಅವ್ವಾ. ಸರದಿ ಭಾಳ ಉದ್ದ ಐತಂತ!”

ಕಡೆಯ ದಿನ ನಾನು ತವರಿಗೆ, ಅಬ್ಬಿಗೇರಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಕಟ್ಟೆ ಹೊಸ್ತಿಲಿಗೆ ಸರಿಯಾಗಿ ನಿಂತಿದೆ, ತುಳಸಿಯವರೆಗೂ ಹೋಗಿದೆ. ತುಳಸಿಯ ಮಗ್ಗುಲಿಗೆ ನಾನು ಹೇಳದೇ ಇದ್ದ ಒಂದು ಕಲ್ಲಿನ ಆಸನ. ಎರಡೂ ಬದಿಗೆ ಕೈ ಊರಲು ನುಣುಪು ಮಾಡಿದ ಗಿಡ್ಡ ಕಲ್ಲುಗಳು.

“ಇದೇನ್ರೀ ಕಾಕಾ?”

“ಅವ್ವಂದು.”

“ಯಾವ ಅವ್ವಂದು?”

“ನಿಮ್ಮ ಅತ್ತೀದು. ಮತ್ತ್ಯಾರದು?”

ನಾನು ಬಾಯಿಗೆ ಸೆರಗು ಹಿಡಿದೆ. “ಅಯ್ಯ ಶಿವನ! ನಾ ದ್ಯಾಮವ್ವಂದು ತಿಳಕೊಂಡು ಹೋಗಿ ಉಡಿ ತುಂಬಿ ಬಂದೇನ್ರೀ!”

ಕಾಕಾ ನಗುತ್ತ ನಗುತ್ತ ಆ ಹೊಸ ಕಟ್ಟೆಯ ಮೇಲೇ ಕೂತುಬಿಟ್ಟರು. “ದ್ಯಾಮವ್ವಗ ಮೊಳಕಾಲ ನೋವ ಬಂದೈತೇನು ತಂಗಿ?”

ಒಳಗಿನಿಂದ ಹದಿನೆಂಟುನೂರು ಹೊಂದಿಸಿ ತಂದೆ. ಮುಟ್ಟಲಿಲ್ಲ. ಗೋಡೆಯ ಕಡೆ ಗದ್ದ ತೋರಿಸಿದರು. “ನೀನ ಹೊಡಸಿ ಹಾಕೀದಿ. ಹೊಡದ ಹಾಕಿದ್ದಕ್ಕ ರೊಕ್ಕ ಇಸಗೊಂಡ್ರ ನನ್ನ ಲೆಕ್ಕ ಕೆಡತೈತಿ.”

ಮರುದಿನ ಬೆಳಿಗ್ಗೆ ಅತ್ತಿ ಗೋಡೆ ಹಿಡಿದು ನಡೆದು ಹೋಗಿ ಆ ಕಲ್ಲಿನ ಮೇಲೆ ಕೂತರು. ತುಳಸಿಗೆ ನೀರು ಹಾಕಿದರು. ಎರಡೂ ಕೈ ಜೋಡಿಸಿದರು. ಆಮೇಲೆ ಬದಿಯ ಕಲ್ಲು ಊರಿ, ಯಾರನ್ನೂ ಕರೆಯದೆ, ತಾವೇ ಎದ್ದರು. ಹೀಗೆ ಮೂರು ವರ್ಷ ಬೆಳಗಿನ ಬಿಸಿಲು ಕಂಡು, ಹೋದರು.

ಸಂಜೆ ದೀಪ ಹಚ್ಚುವಾಗ ಆ ದಿನದ ಉಪಕಾರಗಳನ್ನು ನೆನೆಯುವ ರೂಢಿ ನನಗೆ. ನಳ ಬಂತು, ಹಾಲು ಒಡೆಯಲಿಲ್ಲ, ಯಾರೂ ಜ್ವರ ಬಿದ್ದಿಲ್ಲ. ಆ ಮೂರು ವರ್ಷ ‘ಅತ್ತಿ ತಾವೇ ಎದ್ದರು’ ಎಂಬುದೂ ಅದರಲ್ಲಿ ಸೇರಿತ್ತು.

ಈ ವರ್ಷ ಯುಗಾದಿಗೆ ಮೊದಲು ಜಕ್ಕಲಿಯಿಂದ ಗೌಂಡಿ ಕಾಕಾ ಹೋದರೆಂಬ ಸುದ್ದಿ ಬಂತು. ಹೋಗಿ ಅವರ ಮನೆಯವರನ್ನು ಕಂಡು ಬಂದೆ. ಹಬ್ಬಕ್ಕೆ ಗೋಡೆಗಳಿಗೆ ಸುಣ್ಣ ಹಚ್ಚಿದೆವು; ಆ ಇದ್ದಲಿ ಲೆಕ್ಕದ ಜಾಗವನ್ನು ಮಾತ್ರ ಪ್ರತಿ ವರ್ಷದಂತೆ ಬಿಟ್ಟೆವು.

ಅತ್ತಿಯ ಆಸನದ ಮೇಲೆ ನಾನು ಎಂದೂ ಕೂತವಳಲ್ಲ. ಅಂದು ಕೂತೆ. ಕೂತವಳು ಬಗ್ಗಿ, ಕಾಕಾ ಅವರಂತೆ ಕಿರುಬೆರಳು ಮಡಚಿ, ನೆಲದಿಂದ ಕಲ್ಲಿನ ಅಂಚಿಗೆ ಗೇಣು ಹಾಕಿ ನೋಡಿದೆ. ಎರಡು ಗೇಣು, ಮೇಲೆ ಒಂದು ಬಟ್ಟ.