ಮೂವತ್ತೊಂದನೆಯ ಹಾಳೆ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಚನ್ನಯ್ಯನವರು ತಮ್ಮ ಜೀವಮಾನದಲ್ಲಿ ಸ್ವಂತದ್ದೆಂದು ಒಂದು ಕಥೆಯನ್ನೂ ಬರೆದವರಲ್ಲ. ಕೋರ್ಟಿನಲ್ಲಿ ನಕಲು ಗುಮಾಸ್ತರಾಗಿದ್ದರು. ಹಗಲೆಲ್ಲ ಪರರ ಜಗಳಗಳನ್ನು ದುಂಡಗಿನ ಅಕ್ಷರಗಳಲ್ಲಿ ಇಳಿಸಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ವಿಭೂತಿ ಧರಿಸಿ, ಮತ್ತೆ ಬರೆಯುವ ಮಣೆಯ ಮುಂದೆ ಕೂರುವರು. ಆಗ ಅವರ ಮುಂದಿರುತ್ತಿದ್ದವು, ತಿದ್ದಿ ಅಚ್ಚಿಗೆ ಕಳಿಸಿಕೊಡಿರೆಂದು ಸುತ್ತಲಿನ ಊರಿನವರು ತಂದುಕೊಟ್ಟ ಅವರವರ ಕಾದಂಬರಿಗಳು.

ಮದರಾಸಿನ ಪ್ರಕಾಶಕರೊಬ್ಬರ ಪರವಾಗಿ ಬಳ್ಳಾರಿಯಲ್ಲಿ ಒಬ್ಬ ಏಜೆಂಟರಿದ್ದರು. ಅಚ್ಚಾಗಬೇಕೆಂದು ಆಸೆಪಟ್ಟವರು ಅವರಿಗೆ ಒಂದು ಪತ್ರವನ್ನೂ ಮೊದಲಿನ ಐದು ಹಾಳೆಗಳನ್ನೂ ಕಳಿಸಬೇಕು. ಮನಸ್ಸಿಗೆ ಬಂದರೆ ಉಳಿದದ್ದನ್ನು ತರಿಸಿಕೊಳ್ಳುವರು. ಬಾರದಿದ್ದರೆ ಕಟ್ಟು ಹಾಗೆಯೇ ಹಿಂದಕ್ಕೆ. ಹೀಗೆ ಹಿಂದಕ್ಕೆ ಬಂದ ಕಟ್ಟುಗಳನ್ನು ಚನ್ನಯ್ಯನವರು ಬಿಚ್ಚಿ ನೋಡಿದ್ದರು. ಮೊದಲ ಹಾಳೆಯ ಅಂಚು ನಲುಗಿರುತ್ತಿತ್ತು. ಎರಡನೆಯದು ಗರಿಗರಿಯಾಗಿ, ಬೆರಳೇ ಸೋಕದಂತಿರುತ್ತಿತ್ತು.

ಅಂದಿನಿಂದ ಅವರದೊಂದು ಪದ್ಧತಿಯಾಯಿತು. ನಮ್ಮ ಕಡೆಯವರು ಗಣಪತಿಸ್ತುತಿ, ವಿರೂಪಾಕ್ಷಸ್ತುತಿ, ಗುರುವಂದನೆ, ವಂಶಾವಳಿ ಎಲ್ಲ ಮುಗಿಸದೆ ಕಥೆಗೆ ಕಾಲಿಡುವವರಲ್ಲ. ಚನ್ನಯ್ಯನವರು ಅದನ್ನೆಲ್ಲ ಕೈಮುಗಿದು ಪಕ್ಕಕ್ಕಿಡುವರು. ಬರೆದವನ ಕೈ ಎಲ್ಲಿ ಅವಸರಪಟ್ಟಿದೆ, ಎಲ್ಲಿ ಲೆಕ್ಕಣಿಕೆ ಕಾಗದವನ್ನು ಒತ್ತಿದೆ ಎಂದು ಹುಡುಕುವರು. ಅಲ್ಲಿಂದಲೇ ಕಥೆಯನ್ನು ಎಬ್ಬಿಸಬೇಕು. ಪತ್ರವೂ ಮೂರೇ ಪ್ಯಾರಾ: ಯಾರಿಗೆ ಏನಾಯಿತು, ಅದರಿಂದ ಯಾವುದು ಹೋಗುವುದರಲ್ಲಿದೆ, ಬರೆದವನು ಯಾರು. ಹೊಗಳಿಕೆ ಕೂಡದು. ಇನ್ನೊಂದು ನೇಮವನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು: ತಮ್ಮ ಪೆಟ್ಟಿಗೆಗೆ ಬಂದ ಕಾಗದದ ಮಾತು ಹೊರಗೆ ಹೋಗದು.

ಯುದ್ಧದ ಕಾಲ, ೧೯೪೩ನೆಯ ಇಸವಿ. ಆಷಾಢದಲ್ಲಿ ಕಂಪ್ಲಿಯ ಉಚ್ಚೆಂಗಪ್ಪನೆಂಬ ಮುದುಕ ಒಂದು ಕಟ್ಟು ಹೊತ್ತು ಬಂದ. ಕಂಪ್ಲಿಯ ಬಳಿ ತುಂಗಭದ್ರೆಯನ್ನು ಬಿದಿರಬುಟ್ಟಿಗೆ ತೊಗಲು ಹೊದಿಸಿದ ಹರಗೋಲಿನಲ್ಲಿ ದಾಟಿಸುವ ಕಡವಿನ ಗುತ್ತಿಗೆ ಅವನದು. ಈಚೆ ದಡ ಮದರಾಸು ಸರ್ಕಾರದ್ದು, ಆಚೆ ದಡ ನಿಜಾಮರದು. ಮೂವತ್ತು ಹಾಳೆ ನದಿಯ ಮಹಿಮೆಯನ್ನೂ ಮನೆತನದ ದೊಡ್ಡಸ್ತಿಕೆಯನ್ನೂ ಬರೆದಿದ್ದ. ಮೂವತ್ತೊಂದನೆಯ ಹಾಳೆಯಲ್ಲಿ ಒಂದೇ ಸಾಲು: “ಆ ವರ್ಷ ಶ್ರಾವಣದಲ್ಲಿ ನಮ್ಮದೊಂದು ಹರಗೋಲು ಮುಳುಗಿ ಹನ್ನೊಂದು ಜನ ಹೋದರು, ದೈವೇಚ್ಛೆ.” ಅಲ್ಲಿ ಕಾಗದ ತೂತು ಬಿದ್ದಿತ್ತು.

“ಉಚ್ಚೆಂಗಪ್ಪನೋರ, ಒಂದ ಸಾಲಿನ್ಯಾಗ ಹನ್ನೊಂದು ಮಂದೀನ್ನ ಮುಳುಗಿಸಿ, ಮುಂದಿನ ಸಾಲಿಗೆ ಮಗಳ ಲಗ್ನದ ಊಟಕ್ಕ ಕುಂತೀರಲ್ಲ?”

“ಅದನ್ನ ಬಿಡ್ರಿ ಅಯ್ನೋರ. ಅದೇನ್ ಕಥಿ ಅಲ್ಲ.”

“ಕಥಿ ಇರೋದ ಅಲ್ಲಿ. ಉಳಿದಿದ್ದೆಲ್ಲ ಚಪ್ಪರ.”

ಮುದುಕ ಹಾಳೆಯ ತೂತಿನ ಮೇಲೆ ಬೆರಳಾಡಿಸಿದ. ಆಮೇಲೆ, “ನನ್ನ ಹೆಸರು ಹಾಕಬ್ಯಾಡ್ರಿ. ಕಾದಂಬರಿ ಅಂತ ಹೋಗ್ಲಿ. ಯಾರಿಗೂ ಗೊತ್ತಾಗಬಾರ್ದು,” ಎಂದ. ಚನ್ನಯ್ಯನವರು ಮಾತು ಕೊಟ್ಟರು. ಅವನು ಹೇಳುತ್ತ ಹೋದ, ಇವರು ಬರೆಯುತ್ತ ಹೋದರು. ಮೊದಲ ಹಾಳೆ ಹೀಗಾಯಿತು:

“ಆವತ್ತು ಬೆಳಿಗ್ಗೆ ಅಂಬಿಗ ಹುಲುಗಪ್ಪ ಹರಗೋಲಿನ ತಳ ಮುಟ್ಟಿ ನೋಡಿ, ‘ಧಣಿ, ತೊಗಲು ಮೆತ್ತಗಾಗಿದೆ, ಇವತ್ತು ಬೇಡ’ ಎಂದ. ನಾನು ದಡದಲ್ಲಿ ನಿಂತು ಬೀಡಿ ಹಚ್ಚಿದೆ. ‘ಇನ್ನೊಂದು ಸಲ ದಾಟಿಸು’ ಎಂದೆ. ಹುಲುಗಪ್ಪ ಹುಟ್ಟು ಹಿಡಿದ, ಹತ್ತು ಜನ ಹತ್ತಿದರು. ನನ್ನ ಬೀಡಿ ಮುಗಿಯುವುದರೊಳಗೆ ನದಿಯ ಮೇಲೆ ಯಾರೂ ಇರಲಿಲ್ಲ. ಹುಲುಗಪ್ಪ ಕುಡಿದಿದ್ದ ಎಂದು ಊರವರು ಅಂದರು. ನಾನು ಸುಮ್ಮನಿದ್ದೆ.”

ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥ ಮೊದಲ ಹಾಳೆ ಅವರ ಕೈಯಿಂದ ಹೊರಟಿರಲಿಲ್ಲ. ಪತ್ರದ ಮೂರನೆಯ ಪ್ಯಾರಾಕ್ಕೆಂದು, “ಈಗ ಕಡವು ಹೆಂಗ ನಡದೈತಿ?” ಎಂದು ಕೇಳಿದರು.

“ನಡದೈತ್ರಿ. ಹೊಸ ತೊಗಲು ಎಲ್ಲಿ ಸಿಗ್ತಾವು? ಎಲ್ಲಾ ಮಿಲ್ಟ್ರಿ ಬೂಟಿಗೆ ಹೋಗ್ಯಾವು. ಹಳೇದಕ್ಕ ತ್ಯಾಪಿ ಹಚ್ಚಿ ಡಾಂಬರು ಬಳದೀವಿ. ಇದೊಂದು ಮಳಿಗಾಲ ಕಳದ್ರ ಸಾಕು.”

ಚನ್ನಯ್ಯನವರು ಬರೆದರು: “ಲೇಖಕರಿಗೆ ನದಿಯ ಅನುಭವ ದೀರ್ಘವಾದುದು. ಅವರ ಕಡವು ಇಂದಿಗೂ ಒಂದು ದಿನವೂ ತಪ್ಪದೆ ನಡೆಯುತ್ತಿದೆ.” ವಾಕ್ಯ ಚೆನ್ನಾಗಿ ಕೂತಿತೆಂದು ಅವರಿಗೆ ಸಂತೋಷವೇ ಆಯಿತು. ಶ್ರಾವಣದ ಎರಡನೆಯ ಶನಿವಾರ ಕಟ್ಟು ಟಪಾಲಿಗೆ ಬಿತ್ತು.

ಮರುದಿನ ಭಾನುವಾರ ಮಧ್ಯಾಹ್ನ ಹೆಂಡತಿ ಕೊಟ್ರಬಸಮ್ಮ ಅಡುಗೆಮನೆಯ ಪಕ್ಕದ ಕೋಣೆಯನ್ನು ಸಾರಿಸುತ್ತಿದ್ದಳು. ಮಗಳು ನೀಲಗಂಗಮ್ಮನನ್ನು ಗಂಗಾವತಿಯ ಕಡೆ ಕೊಟ್ಟಿತ್ತು. ಚೊಚ್ಚಲ ಬಸಿರು, ಏಳು ತಿಂಗಳು. ಸೋಮವಾರ ಒಳ್ಳೆಯ ದಿನವೆಂದು ಮೈದುನ ಅವಳನ್ನು ಆಚೆ ದಡಕ್ಕೆ ಕರೆತರುವುದು, ತಂದೆ ಈಚೆ ದಡದಲ್ಲಿ ಇಳಿಸಿಕೊಳ್ಳುವುದು ಎಂದು ಕಾರ್ಡಿನಲ್ಲಿ ಮಾತಾಗಿತ್ತು. ಚನ್ನಯ್ಯನವರು ಜಗಲಿಯಲ್ಲಿ ಕೂತು, ತಮ್ಮ ಬಳಿ ಇಟ್ಟುಕೊಂಡ ಪ್ರತಿಯನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಕೊಂಡರು. ನೇಮ ತಪ್ಪುತ್ತಿದೆ ಎಂಬ ನೆನಪೂ ಆ ಹೆಮ್ಮೆಯಲ್ಲಿ ಉಳಿಯಲಿಲ್ಲ.

ಕೋಣೆಯೊಳಗೆ ಸಾರಿಸುವ ಸದ್ದು ನಿಂತಿತು. ಕೊಟ್ರಬಸಮ್ಮ ಸಗಣಿ ಕೈಯಲ್ಲೇ ಬಾಗಿಲಿಗೆ ಬಂದಳು.

“ಹೆಂಗೈತಿ?” ಎಂದರು ಇವರು, ಮೆಚ್ಚುಗೆಗೆ ಕಾದವರಂತೆ.

“ಯಾವ ಕಡವ್ರಿ ಅದು?”

“ಹೆಸರು ಹೇಳಂಗಿಲ್ಲ. ಮಾತು ಕೊಟ್ಟೀನಿ.”

“ಹೆಸರು ಕಟಗೊಂಡು ನನಗೇನಾಗಬೇಕು? ನಾಳೆ ನಮ್ಮ ನೀಲಾ ದಾಟೋದು ಅದ ಕಡವೇನು? ಅಷ್ಟ ಹೇಳ್ರಿ.”

ಅದೇ ಕಡವೆಂದು ಚನ್ನಯ್ಯನವರಿಗೆ ಹೊಳೆದದ್ದೇ ಆಗ. ಆ ಹಾಳೆಯನ್ನು ಅವರು ಅದೆಷ್ಟು ಬಾರಿ ತಿದ್ದಿದ್ದರೋ! ತೊಗಲು, ಬೀಡಿ, ನದಿ ಎಲ್ಲವನ್ನೂ ತೂಗಿ ನೋಡಿದ್ದರು. ತ್ಯಾಪಿಯ ಮಾತು ಕಿವಿಗೆ ಬಿದ್ದಾಗಲೂ ಅವರ ಲಕ್ಷ್ಯ ಪತ್ರದ ಮೇಲಿತ್ತು. ಅಕ್ಷರ ಬಾರದ ಹೆಂಗಸು ಒಂದೇ ಬಾರಿ ಕೇಳಿ ಅದರೊಳಗಿನ ನೀರನ್ನು ಕಂಡಿದ್ದಳು.

ತಂತಿ ಕೊಡೋಣವೆಂದರೆ ನಿಜಾಮರ ಸೀಮೆಯ ಆ ಹಳ್ಳಿಗೆ ತಂತಿಯಿಲ್ಲ. ಸೋಮವಾರ ಬೆಳಕು ಹರಿಯುತ್ತಲೇ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿದರು. ಅದು ಕಮಲಾಪುರದಲ್ಲಿ ಒಮ್ಮೆ, ಮುಂದೆ ದಿಬ್ಬದಲ್ಲಿ ಒಮ್ಮೆ ನಿಂತು ಹೊಗೆ ಕಾರಿತು. ರಸ್ತೆಯ ಬದಿಯ ಹಳ್ಳಗಳೆಲ್ಲ ಕೆಂಪಾಗಿ ನದಿಯ ಕಡೆಗೇ ಓಡುತ್ತಿದ್ದವು. ಇವರು ಮಾತ್ರ ನಿಂತಲ್ಲೇ ನಿಂತಿದ್ದರು.

ಕಡವಿಗೆ ಮುಟ್ಟಿದಾಗ ಹೊತ್ತು ಏರಿತ್ತು. ಹೊಳೆ ದಡದ ಬೇಲಿಯನ್ನು ನುಂಗಿ ಮೇಲಕ್ಕೆ ಬಂದಿತ್ತು; ನಡುವೆ ಒಂದು ಬೇವಿನ ಮರ ಬೇರು ಮೇಲಾಗಿ ತಿರುಗುತ್ತ ಹೋಯಿತು. ಡಾಂಬರು ಬಳಿದ ಹರಗೋಲಿನಲ್ಲಿ ಆಗಲೇ ಆರೇಳು ಜನ ಕೂತಿದ್ದರು. ಹುಟ್ಟು ಹಿಡಿದು ನಿಂತವನು ಗುಡ್ಡಪ್ಪ, ಮುಳುಗಿಹೋದ ಹುಲುಗಪ್ಪನ ಒಡಹುಟ್ಟಿದ ತಮ್ಮ. ಆಚೆ ದಡದಲ್ಲಿ, ಕಡ್ಡಿಯಷ್ಟು ಸಣ್ಣಗೆ, ಇಬ್ಬರು ನಿಂತಿದ್ದರು. ಒಬ್ಬರದು ಹಸಿರು ಸೀರೆ.

“ಉಚ್ಚೆಂಗಪ್ಪನೋರ, ಇವತ್ತು ಬ್ಯಾಡ್ರಿ,” ಎಂದರು ಚನ್ನಯ್ಯನವರು, ಏದುಸಿರು ಬಿಡುತ್ತ.

“ಬರ್ರಿ ಅಯ್ನೋರ, ಕುಂದ್ರಿ. ಮಗಳು ಬಂದು ನಿಂತಾಳ. ಒಂದ್ ಸಲ ಹೋಗಿ ಕರಕೊಂಡು ಬರ್ತಾನ.”

“ಆ ತೊಗಲು...”

“ನೀರಿಗೆ ಅಂಜೋರು ದಡದಾಗ ಕುಂತು ಬರೀಬೇಕ್ರಿ,” ಎಂದು ಮುದುಕ ನಕ್ಕ. ಆ ನಗುವಿನಲ್ಲಿ, ಬಾಯಿ ಬಿಡಬೇಡಿ ಎಂಬ ಬೇಡಿಕೆಯೂ ಇತ್ತು. ಹರಗೋಲಿನಲ್ಲಿದ್ದ ಮೆಟ್ರಿಯ ಭೀಮಮ್ಮ, “ಜಲ್ದಿ ಬಿಡೋ ಗುಡ್ಡಪ್ಪ, ಇವರ ಪುರಾಣ ಮುಗಿಯೂತನಕ ಹೊಳಿ ಬತ್ತೀತು!” ಎಂದಳು. ಎಲ್ಲರೂ ನಕ್ಕರು. ಗುಡ್ಡಪ್ಪ ಹಗ್ಗಕ್ಕೆ ಕೈಹಾಕಿದ.

ಚನ್ನಯ್ಯನವರು ಜೇಬಿನಿಂದ ಹಾಳೆ ತೆಗೆದರು. ತಾವು ಮಾತು ಕೊಟ್ಟಿದ್ದ ಮುದುಕ ಎದುರಿಗೇ ನಿಂತಿದ್ದ. ಆಚೆ ದಡದ ಹಸಿರು ಕದಲಲಿಲ್ಲ. ಅವರು ಓದತೊಡಗಿದರು.

ಮೊದಲ ವಾಕ್ಯಕ್ಕೇ ಗುಡ್ಡಪ್ಪನ ಕೈ ನಿಂತಿತು. ಬೀಡಿಯ ಮಾತು ಬರುವ ಹೊತ್ತಿಗೆ ಭೀಮಮ್ಮ ಬುಟ್ಟಿ ಎತ್ತಿಕೊಂಡು ದಡಕ್ಕಿಳಿದಿದ್ದಳು. ಓದಿ ಮುಗಿದಾಗ ಹರಗೋಲಿನಲ್ಲಿ ಯಾರೂ ಉಳಿದಿರಲಿಲ್ಲ.

“ನಮ್ಮಣ್ಣ ಕುಡಿದಿದ್ದಿಲ್ಲ?” ಎಂದ ಗುಡ್ಡಪ್ಪ. ಧಣಿಯ ಮುಖ ನೋಡದೆ, ನೀರಿನ ಕಡೆ ನೋಡುತ್ತ ಕೇಳಿದ. “ಬ್ಯಾಡ ಅಂದಿದ್ನಾ?”

ಉಚ್ಚೆಂಗಪ್ಪ “ಅಂದಿದ್ದ,” ಎಂದ. ಬಳಿಕ ಚನ್ನಯ್ಯನವರತ್ತ ತಿರುಗಿ, “ಅಯ್ನೋರ, ನಿಮ್ಮನ್ನ ನಂಬಿ ಹೇಳಿದ್ದೆ,” ಎಂದ.

“ಆ ಕಡೆ ನನ್ನ ಮಗಳು ನಿಂತಾಳ್ರಿ.”

ಗುಡ್ಡಪ್ಪ ಹರಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿದ. ಧಣಿಯನ್ನು ಹೊಡೆಯುವನೇನೋ ಎಂದು ಜನ ಹಿಂದೆ ಸರಿದರು. ಹೊಡೆಯಲಿಲ್ಲ, ಹುಟ್ಟನ್ನು ಅವನ ಕಾಲ ಬಳಿ ಎಸೆದು, ಊರಿನ ಕಡೆ ನಡೆದುಬಿಟ್ಟ. ಆಚೆ ದಡದ ಇಬ್ಬರು ಹೊತ್ತು ವಾಲುವವರೆಗೂ ಕಾದರು. ಚನ್ನಯ್ಯನವರು ಕೈ ಬೀಸಿದರು, ಕೂಗಿದರು. ಮಗಳಿಗೆ ಏನು ತಿಳಿಯಿತೋ! ಕೊನೆಗೆ ಹಸಿರು ಸೀರೆ ಬೆನ್ನು ತಿರುಗಿಸಿ ಮೆಲ್ಲಗೆ ಮರಗಳ ಹಿಂದೆ ಹೋಯಿತು.

ಮುಂದೆ ಬಹಳ ನಡೆಯಿತು. ಉಳಿದ ಹಾಳೆ ಕೂಡಲೇ ಕಳಿಸಿರೆಂದು ಏಜೆಂಟರು ಬರೆದರು. ಆ ಹೊತ್ತಿಗೆ, ಗುಡ್ಡಪ್ಪನ ದೂರಿನ ಮೇಲೆ, ಕಟ್ಟು ಪೊಲೀಸರ ವಶದಲ್ಲಿತ್ತು. ಕೋರ್ಟಿಗೆ ಅದರ ನಕಲು ಬೇಕಾದಾಗ ಆ ಕೆಲಸ ಚನ್ನಯ್ಯನವರ ಪಾಲಿಗೇ ಬಂತು. ಕಡವಿನಲ್ಲಿ ನಿಂತು ಪರರ ಕಾಗದ ಓದಿದ ಮನುಷ್ಯನೆಂದು, ಆಮೇಲೆ ಯಾವ ಊರಿನವರೂ ಅವರ ಮನೆಗೆ ಕಟ್ಟು ತರಲಿಲ್ಲ. ಅವರೂ ಯಾರನ್ನೂ ದೂರಲಿಲ್ಲ.

ಆ ಸೋಮವಾರ ಸಂಜೆ ಅವರು ಬಸ್ಸಿಳಿದು ಚಿತ್ತವಾಡ್ಗಿಗೆ ಒಬ್ಬರೇ ನಡೆದು ಬಂದರು. ಕೊಟ್ರಬಸಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

“ನೀಲಾ ಎಲ್ರಿ?”

ಚನ್ನಯ್ಯನವರು ಜಗಲಿಯ ಮೇಲೆ ಕೂತು, “ಆ ಕಡೆ ಇದ್ದಾಳ,” ಎಂದರು.

“ಇದ್ದಾಳ?”

“ಇದ್ದಾಳ.”