ಕುಂಕುಮ ಇಟ್ಟು ಕರೆದ ಊಟ

ಶಿಡ್ಲಘಟ್ಟದ ಗಂಗುಲಮ್ಮ ಕರೆಯದ ಮನೆಯಲ್ಲಿ ನೀರು ಕೂಡ ಕುಡಿದವಳಲ್ಲ. ಕುಂಕುಮ ಇಟ್ಟು ಕರೆದರೆ ಮಾತ್ರ ಜ್ವರವಿದ್ದರೂ ಎದ್ದು ಹೋಗುತ್ತಿದ್ದಳು. ಅಂಥ ದಿನ ಅವಳ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹಸಿವನ್ನು ಉಳಿಸಿಕೊಂಡು ಹೋಗುವುದೇ ಕರೆದವರಿಗೆ ಕೊಡುವ ಮರ್ಯಾದೆ ಎಂದು ದಿಬ್ಬೂರಹಳ್ಳಿಯ ತವರಿನಲ್ಲಿ ತಾಯಿ ಕಲಿಸಿದ್ದಳು.

ಮದುವೆಯಾಗಿ ಬಂದಂದಿನಿಂದ ಸಾವ್ಕಾರ ವೆಂಕಟರಾಯಪ್ಪನ ಶೆಡ್ಡಿನಲ್ಲಿ ರೇಷ್ಮೆ ಬಿಚ್ಚುವ ಕೆಲಸ. ಗಂಡ ಆವುಲಪ್ಪ ಎಳೆ ಸುತ್ತುವ ಚರಕ ತಿರುಗಿಸುತ್ತಿದ್ದ. ಅವಳು ಕುದಿಯುವ ನೀರಿಗೆ ಬೆರಳಿಟ್ಟು ಗೂಡುಗಳಿಂದ ಎಳೆ ಎತ್ತಿಕೊಡುತ್ತಿದ್ದಳು. ಬೆಂದು ಬೆಂದು ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಅರವತ್ತಮೂರನೆಯ ಇಸವಿ. ಚಿಕ್ಕಬಳ್ಳಾಪುರದ ಆಚೆ ಬೆಟ್ಟದ ಬುಡದಲ್ಲಿ, ಪಟ್ಟಣದವರು ತಂಪಿಗೆಂದು ಬಂದಿದ್ದು ಹೋಗುವ ಹೊಸ ಹೋಟೆಲು ಎದ್ದಿತ್ತು. ರೇಷ್ಮೆ ಕೊಳ್ಳಲು ಬರುವ ಪರದೇಶದವರಿಗೆ ವೆಂಕಟರಾಯಪ್ಪ ಅಲ್ಲಿ ಊಟ ಇಟ್ಟುಕೊಂಡ. ನೀವಿಬ್ಬರೂ ಬರಬೇಕು ಎಂದು ಶೆಡ್ಡಿನಲ್ಲೇ ಹೇಳಿದ. ಬಾಯಿ ಮಾತಿನ ಊಟಕ್ಕೆ ತಾನು ಹೋಗುವುದಿಲ್ಲವೆಂದು ಗಂಗುಲಮ್ಮ ಅಂದಳು. ಅವನು ನಕ್ಕ. ಮರುದಿನ ಅವನ ಹೆಂಡತಿ ಆದಿಲಕ್ಷ್ಮಮ್ಮ ಕಾರಿನಲ್ಲಿ ಬಂದು, ಗಂಗುಲಮ್ಮನ ಹಣೆಗೆ ಕುಂಕುಮವಿಟ್ಟು, ಶನಿವಾರ ಊಟಕ್ಕೆ ಬನ್ನಿ ಎಂದು ಕರೆದುಹೋದಳು.

ಶನಿವಾರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗಂಗುಲಮ್ಮ ಮಡಿಸಿಟ್ಟಿದ್ದ ನೂಲಿನ ಸೀರೆ ತೆಗೆದುಟ್ಟಳು. ತಾನು ಬಿಚ್ಚಿದ ರೇಷ್ಮೆಯ ಒಂದೆಳೆಯೂ ಅವಳ ಮೈಮೇಲಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ತೆಂಗಿನಕಾಯಿ, ಬಾಳೆಹಣ್ಣು ಕಟ್ಟಿಕೊಂಡಳು.

ಹೋಟೆಲಿನ ಮ್ಯಾನೇಜರು ಅವರನ್ನು ಹಿತ್ತಲ ಬಾಗಿಲಿಂದ ಕರೆದೊಯ್ದ. ಕಾಲು ತೊಳೆಯಲಿಕ್ಕೆ ಇರಬೇಕು ಎಂದುಕೊಂಡಳು. ಒಳಗೆ ದೊಡ್ಡ ಊಟದ ಕೋಣೆ. ಮೇಜುಗಳ ಮೇಲೆ ಬಿಳಿ ಬಟ್ಟೆ, ಮೇಣದ ಬತ್ತಿ, ತಾವರೆಯಂತೆ ಮಡಿಸಿದ ಕೈವಸ್ತ್ರ. ಮೂಲೆಯಲ್ಲೊಬ್ಬ ಪಿಟೀಲು ನುಡಿಸುತ್ತಿದ್ದ. ನಡುವೆ, ಹೂವಿನ ಹಾರ ಹಾಕಿದ ಚರಕ. ಅದರ ಮುಂದೆ ಉರಿಯುವ ಒಲೆ, ನೀರಿನ ಬಾಣಲೆ, ಒಂದು ಬುಟ್ಟಿ ಗೂಡು. ಬೇಯುವ ಹುಳದ ವಾಸನೆ ಮುಚ್ಚಲು ಸುತ್ತಲೂ ಊದುಬತ್ತಿ.

ಬಂದವರಿಗೆ ರೇಷ್ಮೆ ಬಿಚ್ಚಿ ತೋರಿಸಿ ಎಂದು ಮ್ಯಾನೇಜರು ಅಂದ. ಆವುಲಪ್ಪ ಹೆಂಡತಿಯ ಮುಖ ನೋಡದೆ ಹೋಗಿ ಚರಕದ ಹಿಡಿ ಹಿಡಿದ. ಅವಳೂ ಕೂತಳು. ಎಳೆ ಎತ್ತುತ್ತ, ಊಟದ ಕರೆಗೆ ಕಾದಳು. ಸೂಪು ಹೋಯಿತು, ಹುರಿದ ಕೋಳಿ ಹೋಯಿತು, ಬೆಳ್ಳಿಯ ತಟ್ಟೆಯಲ್ಲಿ ಪಲಾವು ಬಂತು. ಎಲ್ಲವೂ ಅವಳ ಭುಜದ ಪಕ್ಕದಿಂದಲೇ ದಾಟಿ ಹೋದವು. 

ವೆಂಕಟರಾಯಪ್ಪ ಹತ್ತಿರ ಬಂದಾಗ ನೀರಿನಿಂದ ಕೈ ತೆಗೆದಳು.

"ನಮ್ಮ ಎಲೆ ಎಲ್ಲಿ ಸಾವ್ಕಾರ್ರೇ?"

ಇವರದ್ದಾಗಲಿ, ಆಮೇಲೆ ಅಡುಗೆಮನೆಯಲ್ಲಿ ಹೊಟ್ಟೆ ತುಂಬ ಉಣ್ಣಿ ಎಂದು ಅವನು ನಗುನಗುತ್ತಲೇ ಅಂದ.

"ಕೂಲಿಗೆ ಕರೆದಿದ್ರೆ ಉಂಡು ಬರ್ತಿದ್ದೆ. ನೀವು ಊಟಕ್ಕೆ ಕರೆದ್ರಿ."

ಎದ್ದು ಹೊರಗೆ ಹೋದಳು. ತೋಟದಲ್ಲಿ ಅಂದಕ್ಕೆಂದು ಬೆಳೆಸಿದ್ದ ಬಾಳೆಯಿಂದ ಎರಡು ಎಲೆ ಹರಿದು ತಂದು, ಮೇಜುಗಳ ನಡುವೆ ರತ್ನಗಂಬಳಿಯ ಮೇಲೆ ಹಾಸಿದಳು.

"ಬಾರಯ್ಯ, ಕೂತ್ಕೋ."

ಆವುಲಪ್ಪ ಯಜಮಾನನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹಿಡಿ ಬಿಟ್ಟು ಬಂದು ಕೂತ.

ಮ್ಯಾನೇಜರು ಇವರನ್ನು ಎಬ್ಬಿಸಿ ಎಂದು ಬಡಿಸುವ ಬೇರರುಗಳಿಗೆ ಹೇಳಿದ. ಪೇಟ ಸುತ್ತಿ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿದ್ದ ಅವರೆಲ್ಲ ಸುತ್ತಲ ಹಳ್ಳಿಗಳವರು. ಎಲೆ ಮುಂದೆ ಕೂತವರನ್ನು ಯಾರು ಎಬ್ಬಿಸುತ್ತಾರೆ? ಕೆಂಚಾರ್ಲಹಳ್ಳಿಯ ಕೋನಪ್ಪ ಕೈಯ ತಟ್ಟೆ ಕೆಳಗಿಟ್ಟು, "ನನ್ನ ಕೈಲಾಗಲ್ಲ ಸ್ವಾಮಿ" ಅಂದ. ಉಳಿದವರು ಗೋಡೆಗೆ ಒರಗಿ ನಿಂತರು.

ಗಂಗುಲಮ್ಮ ಪರದೇಶದವರ ನಡುವೆ ಕೂತಿದ್ದ ಆದಿಲಕ್ಷ್ಮಮ್ಮನತ್ತ ತಿರುಗಿದಳು. "ಕುಂಕುಮ ಇಟ್ಟಿದ್ದು ನೀನು ತಾಯಿ. ಇಕ್ಕು."

ವೆಂಕಟರಾಯಪ್ಪ ಹಲ್ಲು ಕಚ್ಚಿ ಹೆಂಡತಿಗೆ ಕೂರು ಎಂದ. ಆದಿಲಕ್ಷ್ಮಮ್ಮ ಎದ್ದಳು. ಕೋನಪ್ಪ ಇಟ್ಟ ತಟ್ಟೆಯಿಂದ ಪಲಾವು ತೆಗೆದು ಎರಡು ಎಲೆಗೂ ಬಡಿಸಿದಳು. 

ಆಗ ಪರದೇಶದವರು, ಇದೂ ಆ ಸಂಜೆಯ ಒಂದು ಆಟವೆಂದು ತಿಳಿದು, ಚಪ್ಪಾಳೆ ತಟ್ಟಿದರು.

ಗಂಗುಲಮ್ಮ ತಲೆ ಎತ್ತಲಿಲ್ಲ. ಚಪ್ಪಾಳೆಯ ನಡುವೆಯೇ, ಒಂದಗುಳೂ ಬಿಡದೆ ಉಂಡಳು. ಎಲೆ ಮಡಿಸಿ ಅಲ್ಲೇ ಬಿಟ್ಟಳು. ಎತ್ತುವುದು ಕರೆದವರ ಕೆಲಸ. ತೆಂಗಿನಕಾಯಿ, ಹಣ್ಣುಗಳನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ಈ ಸಲ ಮುಂದಿನ ಬಾಗಿಲಿಂದ ಹೊರಟಳು.

ಬಸ್ಸಿಗೆ ನಡೆಯುವ ದಾರಿಯಲ್ಲಿ ಆವುಲಪ್ಪ ಮೆಲ್ಲಗೆ ಅಂದ: "ಉಪ್ಪೇ ಇರಲಿಲ್ಲ ಕಣೇ."

ಅವಳು ನಡೆಯುತ್ತಲೇ ಇದ್ದಳು.

ಸೋಮವಾರ ಅವರು ಹಿಂದಿನ ಬೀದಿಯ ಬೇರೊಂದು ಶೆಡ್ಡಿಗೆ ಹೋದರು. ಕೈ ಅಲ್ಲಿಯೂ ಬೇಯುವುದೇ. ವಾರ ಕಳೆಯುವುದರೊಳಗೆ ವೆಂಕಟರಾಯಪ್ಪ ಆಳು ಕಳಿಸಿದ, ಮತ್ತೆ ಕಳಿಸಿದ. ಅವಳಷ್ಟು ನಯವಾಗಿ ಎಳೆ ಎತ್ತುವವರು ಅವನಿಗೆ ಸಿಕ್ಕಿರಲಿಲ್ಲ. ಕೊನೆಗೆ ಆದಿಲಕ್ಷ್ಮಮ್ಮ ನಡೆದುಕೊಂಡೇ ಬಂದಳು, ಕೈಯಲ್ಲಿ ಕುಂಕುಮದ ಬಟ್ಟಲು.

ಗಂಗುಲಮ್ಮ ಹೊಸ್ತಿಲ ಮೇಲೆ ನಿಂತು ಕೇಳಿದಳು: "ಇವತ್ತು ಎಲೆಗೋ, ಚರಕಕ್ಕೋ?"

ಆದಿಲಕ್ಷ್ಮಮ್ಮನ ಕಣ್ಣು ತುಂಬಿತು.  ಕುಂಕುಮ ಅದ್ದಿದ ಬೆರಳು ಹಣೆಯ ಹತ್ತಿರ ಬಂದಾಗ, ಮುತ್ತೈದೆ ತಂದ ಕುಂಕುಮವನ್ನು ಹುಟ್ಟಿದಾರಭ್ಯ ಬೇಡವೆನ್ನದ ಗಂಗುಲಮ್ಮ ಮುಖ ತಿರುಗಿಸಿದಳು.